ಹೈಸ್ಕೂಲ್ ಮಕ್ಕಳಿಗೆ ಶಾಲೆಯ ಹೊರಗೆ ಕನ್ನಡ: ತರಗತಿ, ಕ್ರೆಡಿಟ್ ಮತ್ತು ದ್ವಿಭಾಷಾ ಮುದ್ರೆಗೆ ಅಮೆರಿಕದ ಪೋಷಕರ ಕೈಪಿಡಿ

ಅಮೆರಿಕದ ಯಾವುದೇ ಊರಿನ ವಾರಾಂತ್ಯದ ಕನ್ನಡ ಶಾಲೆಗೆ ಹೋಗಿ ನೋಡಿ. ಅ ಆ ಇ ಈ ಕಲಿಸುವ ಕೋಣೆಯಲ್ಲಿ ಕೂರಲು ಜಾಗವಿರುವುದಿಲ್ಲ, ಹೈಸ್ಕೂಲಿನವರ ಕೋಣೆಯಲ್ಲಿ ಮೂವರೋ ನಾಲ್ವರೋ ಇರುತ್ತಾರೆ. ಮಕ್ಕಳಿಗೆ ಕನ್ನಡ ಬೇಡವಾಯಿತು ಎಂದು ದೊಡ್ಡವರು ನೊಂದುಕೊಳ್ಳುತ್ತಾರೆ. ಬಹಳಷ್ಟು ಮನೆಗಳಲ್ಲಿ ಕಾರಣ ಅದಲ್ಲ. ಒಂಬತ್ತನೇ ತರಗತಿಗೆ ಬಂದ ಮಗುವಿನ ವಾರದಲ್ಲಿ ಒಂದೊಂದು ಗಂಟೆಗೂ ಲೆಕ್ಕವಿದೆ. ಶಾಲೆಯಲ್ಲಿ ಸ್ಪ್ಯಾನಿಷ್ ಓದಿದರೆ ಅಂಕಪಟ್ಟಿಗೆ ಸೇರುತ್ತದೆ, ಭಾನುವಾರ ಎರಡು ಗಂಟೆ ಕನ್ನಡ ಓದಿದರೆ ಎಲ್ಲಿಯೂ ಸೇರುವುದಿಲ್ಲ. ಸೇರುವಂತೆ ಮಾಡಲು ದಾರಿಗಳಿವೆ. ಆದರೆ ಅವು ತಾವಾಗಿ ತೆರೆಯುವುದಿಲ್ಲ, ಸರಿಯಾದ ಕ್ರಮದಲ್ಲಿ ತಟ್ಟಬೇಕು. ಮಗುವಿಗೆ ಕನ್ನಡ ಬರದೆ ಅವಕಾಶ ತಪ್ಪುವುದು ಕಡಿಮೆ. ಕಾಗದ ತಡವಾಗಿ, ಲಿಪಿ ಅರ್ಧಕ್ಕೆ ನಿಂತು, ಟೈಪಿಂಗ್ ಅಭ್ಯಾಸವಿಲ್ಲದೆ ತಪ್ಪುವುದೇ ಹೆಚ್ಚು. ಈ ಬರಹ ಆ ಮೂರರ ಬಗ್ಗೆ.

ಮೊದಲ ಹೆಜ್ಜೆ: ಏನು ಬೇಕೆಂದು ತೀರ್ಮಾನಿಸಿ

ಮೂರು ಬೇರೆ ಬೇರೆ ಗುರಿಗಳಿವೆ, ಮೂರಕ್ಕೂ ದಾರಿ ಬೇರೆ.

ಒಂದು, ಕಲಿಕೆ ಮಾತ್ರ. ಅಜ್ಜಿಯ ಜೊತೆ ಮಾತಾಡಬೇಕು, ಊರಿಗೆ ಹೋದಾಗ ಬೋರ್ಡು ಓದಬೇಕು. ಇದಕ್ಕೆ ಯಾರ ಅನುಮತಿಯೂ ಬೇಡ. ಒಳ್ಳೆಯ ತರಗತಿ ಸಿಕ್ಕರೆ ಸಾಕು.

ಎರಡು, ಹೈಸ್ಕೂಲ್ ಕ್ರೆಡಿಟ್, ಅಂದರೆ ಕಲಿತದ್ದಕ್ಕೆ ಅಂಕಪಟ್ಟಿಯಲ್ಲಿ ಸೇರುವ ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಇಂಗ್ಲಿಷ್ ಅಲ್ಲದ ಭಾಷೆಯೊಂದನ್ನು 2 ವರ್ಷ ಓದಿರಬೇಕು, 3 ವರ್ಷವಾದರೆ ಒಳ್ಳೆಯದು ಎಂದು ಅವರೇ ಹೇಳುತ್ತಾರೆ. ಬೇರೆ ಹಲವು ಕಾಲೇಜುಗಳೂ ಇಂಥದ್ದನ್ನೇ ಕೇಳುತ್ತವೆ. ಈ ಅಗತ್ಯವನ್ನು ಕನ್ನಡದಿಂದ ಪೂರೈಸಬಹುದೇ ಎಂಬುದನ್ನು ನಿಮ್ಮ ಶಾಲಾ ಡಿಸ್ಟ್ರಿಕ್ಟ್‌ನ (ಆ ಭಾಗದ ಶಾಲೆಗಳನ್ನು ನಡೆಸುವ ಆಡಳಿತದ) ನಿಯಮ ಮತ್ತು ಕಾಲೇಜಿನ ನಿಯಮ ಎರಡನ್ನೂ ನೋಡಿ ತಿಳಿಯಬೇಕು. ಒಂದು ಕಡೆ ಒಪ್ಪಿದ್ದನ್ನು ಇನ್ನೊಂದು ಕಡೆ ಒಪ್ಪಬೇಕೆಂದಿಲ್ಲ.

ಮೂರು, ದ್ವಿಭಾಷಾ ಮುದ್ರೆ, ಅಂದರೆ ಸೀಲ್ ಆಫ್ ಬೈಲಿಟರಸಿ. ಇಂಗ್ಲಿಷ್ ಮತ್ತು ಇನ್ನೊಂದು ಭಾಷೆ ಎರಡರಲ್ಲೂ ಓದು ಬರಹ ಬಲ್ಲ ವಿದ್ಯಾರ್ಥಿಯ ಡಿಪ್ಲೊಮಾ ಅಥವಾ ಅಂಕಪಟ್ಟಿಯ ಮೇಲೆ ರಾಜ್ಯ ಒತ್ತುವ ಮುದ್ರೆ ಇದು. 2011ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಕಾನೂನು ಮಾಡಿತು, ಆಮೇಲೆ ಉಳಿದ ರಾಜ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಮಗು ಆ ಭಾಷೆಯನ್ನು ಶಾಲೆಯಲ್ಲೇ ಕಲಿತಿರಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ, ಒಪ್ಪಿತ ಪರೀಕ್ಷೆಯಲ್ಲಿ ನಿಗದಿತ ಮಟ್ಟ ತೋರಿಸಿದರೆ ಸಾಕು. ಮನೆಯಲ್ಲಿ, ಭಾನುವಾರದ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಇದಕ್ಕಿಂತ ನೇರವಾದ ಮನ್ನಣೆ ಇನ್ನೊಂದಿಲ್ಲ. ಯಾವುದನ್ನು ಹಿಡಿಯಬೇಕೆಂದು ಗೊತ್ತಾಗದಿದ್ದರೆ ಮುದ್ರೆಯನ್ನೇ ಗುರಿಯಾಗಿಟ್ಟುಕೊಳ್ಳಿ. ಎಷ್ಟೋ ಕಡೆ ಅದೇ ಪರೀಕ್ಷೆಯ ಫಲಿತಾಂಶದಿಂದ ಕ್ರೆಡಿಟ್ ಕೂಡ ಸಿಗುತ್ತದೆ.

ಇಲ್ಲೇ ಒಂದು ಮಾತು. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಪರೀಕ್ಷೆ ಕನ್ನಡಕ್ಕೆ ಇಲ್ಲ. ಸ್ಯಾಟ್‌ನ ವಿಷಯವಾರು ಪರೀಕ್ಷೆಗಳು 2021ರಲ್ಲಿ ನಿಂತೇ ಹೋದವು, ಅವುಗಳಲ್ಲೂ ಕನ್ನಡ ಇರಲಿಲ್ಲ. ಸ್ಪ್ಯಾನಿಷ್ ಓದುವ ಮಕ್ಕಳಿಗೆ ಶಾಲೆಯ ಕೌನ್ಸೆಲರ್ ಹೇಳುವ ದಾರಿ ನಿಮಗೆ ಒಗ್ಗುವುದಿಲ್ಲ. ಹಾಗಾಗಿ ಮುಂದಿನ ಹೆಜ್ಜೆಯನ್ನು ನೀವೇ ಇಡಬೇಕು.

ಎರಡನೇ ಹೆಜ್ಜೆ: ಎಂಟನೇ ತರಗತಿಯಲ್ಲೇ ಕೌನ್ಸೆಲರ್‌ಗೆ ಪತ್ರ

ಒಂಬತ್ತನೇ ತರಗತಿಗೆ ವಿಷಯಗಳನ್ನು ಆರಿಸುವ ಫಾರಂ ಸಾಮಾನ್ಯವಾಗಿ ಎಂಟನೇ ತರಗತಿಯ ಜನವರಿ-ಮಾರ್ಚ್ ಸುಮಾರಿಗೆ ಮನೆಗೆ ಬರುತ್ತದೆ. ಪತ್ರ ಅದಕ್ಕಿಂತ ಮೊದಲು ಹೋಗಬೇಕು. ಬಾಯಿಮಾತಿನ ಭರವಸೆ ನೆಚ್ಚಬೇಡಿ. ನಾಲ್ಕು ವರ್ಷದಲ್ಲಿ ಕೌನ್ಸೆಲರ್ ಬದಲಾಗುತ್ತಾರೆ, ಹೊಸಬರಿಗೆ ಇಮೇಲ್ ಮಾತ್ರ ಸಾಕ್ಷಿ.

ಭಾಷೆಯ ಹೆಸರನ್ನು ಮೊದಲ ಸಾಲಲ್ಲೇ ಸ್ಪಷ್ಟಪಡಿಸಿ. ಕನ್ನಡ ಎಂಬುದನ್ನು ಕೆನಡಾ ದೇಶದ ಹೆಸರೆಂದು ತಪ್ಪು ತಿಳಿಯುವುದು ಕಚೇರಿಗಳಲ್ಲಿ ನಿಜಕ್ಕೂ ಆಗುತ್ತದೆ, ಫಾರಂನಲ್ಲಿ ಫ್ರೆಂಚ್ ಎಂದು ಗುರುತಾಗಿ ಕೂರುತ್ತದೆ. ದ್ರಾವಿಡ ಭಾಷೆ, ಕರ್ನಾಟಕದ ಅಧಿಕೃತ ಭಾಷೆ, ಭಾರತ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಒಂದು, ಐಎಸ್ಒ ಸಂಕೇತ ಕೆ-ಎ-ಎನ್ ಎಂದು ಬರೆದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಈ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಿ:

- ಶಾಲೆಯಲ್ಲಿ ಕಲಿಸದ ಭಾಷೆಗೆ ಈ ಡಿಸ್ಟ್ರಿಕ್ಟ್ ಪರೀಕ್ಷೆಯ ಮೂಲಕ ಕ್ರೆಡಿಟ್ ಕೊಡುತ್ತದೆಯೇ? ಎಷ್ಟು ಕ್ರೆಡಿಟ್, ಯಾವ ಮಟ್ಟಕ್ಕೆ?
- ಒಪ್ಪುವ ಪರೀಕ್ಷೆಗಳು ಯಾವುವು? ಅವುಗಳಲ್ಲಿ ಕನ್ನಡ ಇದೆಯೇ?
- ಮುದ್ರೆಗೆ ಓದು, ಬರಹ, ಆಲಿಕೆ, ಮಾತು ನಾಲ್ಕೂ ಪರೀಕ್ಷೆಯಾಗಬೇಕೇ, ಬರಹ ಮತ್ತು ಮಾತು ಸಾಕೇ?
- ಪರೀಕ್ಷೆ ಶಾಲೆಯಲ್ಲಿ ನಡೆಯುತ್ತದೆಯೇ, ಮನೆಯಿಂದ ನಿಗಾದಡಿ ಬರೆಯಬಹುದೇ? ಶುಲ್ಕ ಯಾರದು?
- ಅರ್ಜಿಯ ಕೊನೆಯ ದಿನ ಯಾವುದು?
- ಹೊರಗಿನ ತರಗತಿಗೆ ಕ್ರೆಡಿಟ್ ಬೇಕಿದ್ದರೆ ಪೂರ್ವಾನುಮತಿ ಯಾರು ಕೊಡುತ್ತಾರೆ?

ಮೂರನೇ ಪ್ರಶ್ನೆಯನ್ನು ಬಿಡಲೇಬೇಡಿ. ಕನ್ನಡಕ್ಕೆ ಲಭ್ಯವಿರುವ ಅವಾಂಟ್ ಸಂಸ್ಥೆಯ ಸ್ಟಾಂಪ್ ಡಬ್ಲ್ಯೂಎಸ್ ಪರೀಕ್ಷೆ ಅಳೆಯುವುದು ಬರಹ ಮತ್ತು ಮಾತನ್ನು. ಕಡಿಮೆ ಜನ ಆರಿಸುವ ಭಾಷೆಗಳಿಗೆ ಇಷ್ಟೇ ಸಾಕು ಎನ್ನುವ ಡಿಸ್ಟ್ರಿಕ್ಟ್‌ಗಳಿವೆ. ನಾಲ್ಕೂ ಬೇಕೆನ್ನುವ ಕಡೆ ಓದು ಮತ್ತು ಆಲಿಕೆಗೆ ಬೇರೆ ಏನನ್ನು ಒಪ್ಪುತ್ತೀರಿ ಎಂದು ಕೇಳಿ ಲಿಖಿತವಾಗಿ ಪಡೆಯಬೇಕು.

ಪೂರ್ವಾನುಮತಿಯ ಪ್ರಶ್ನೆಯೂ ಅಷ್ಟೇ ಮುಖ್ಯ. ಎರಡು ವರ್ಷ ತರಗತಿಗೆ ಹೋಗಿ ಆಮೇಲೆ ಕ್ರೆಡಿಟ್ ಕೇಳಿದರೆ ಬಹುತೇಕ ಕಚೇರಿಗಳು ಇಲ್ಲ ಎನ್ನುತ್ತವೆ. ಅವರ ನಿಯಮವೇ ಮೊದಲು ಅನುಮತಿ, ಆಮೇಲೆ ತರಗತಿ ಎಂದಿರುತ್ತದೆ.

ಮಟ್ಟಗಳ ಭಾಷೆ ಗೊತ್ತಿರಲಿ

ಈ ಪರೀಕ್ಷೆಗಳೆಲ್ಲ ಅಮೆರಿಕದ ಭಾಷಾ ಶಿಕ್ಷಕರ ಸಂಸ್ಥೆಯಾದ ಆಕ್ಟ್‌ಫುಲ್‌ನ ಅಳತೆಗೋಲನ್ನು ಬಳಸುತ್ತವೆ: ನೋವಿಸ್, ಇಂಟರ್‌ಮೀಡಿಯೆಟ್, ಅಡ್ವಾನ್ಸ್ಡ್. ಪ್ರತಿಯೊಂದರಲ್ಲೂ ಲೋ, ಮಿಡ್, ಹೈ ಎಂಬ ಮೂರು ಮೆಟ್ಟಿಲು. ಕನ್ನಡದಲ್ಲಿ ಹೇಳುವುದಾದರೆ ಹೀಗೆ. ‘ನೀರು’, ‘ಊಟ ಬೇಕು’, ಬಾಯಿಪಾಠದ ಪರಿಚಯ: ಇದು ನೋವಿಸ್. ತನ್ನದೇ ವಾಕ್ಯ ಕಟ್ಟಿ, ಒಂದಾದ ಮೇಲೊಂದು ಪೋಣಿಸಿ, ಪ್ರಶ್ನೆಯನ್ನೂ ಕೇಳಬಲ್ಲದಾದರೆ ಇಂಟರ್‌ಮೀಡಿಯೆಟ್ ಮಿಡ್. ನಿನ್ನೆ ಆದದ್ದನ್ನೂ ನಾಳೆ ಆಗುವುದನ್ನೂ ಪ್ಯಾರಾ ರೂಪದಲ್ಲಿ ಹೇಳಲು ಹೊರಟು, ಹೆಚ್ಚಿನಂಶ ನಿಭಾಯಿಸಿ, ಅಲ್ಲಲ್ಲಿ ಎಡವಿದರೆ ಇಂಟರ್‌ಮೀಡಿಯೆಟ್ ಹೈ. ಎಡವದೆ ಹೇಳಿದರೆ ಅಡ್ವಾನ್ಸ್ಡ್.

ಮುದ್ರೆಗೆ ಬೇಕಾದ ಮಟ್ಟ ರಾಜ್ಯದಿಂದ ರಾಜ್ಯಕ್ಕೆ ಬೇರೆ. ವಾಷಿಂಗ್ಟನ್ ಮತ್ತು ನ್ಯೂಜೆರ್ಸಿಯಲ್ಲಿ ಇಂಟರ್‌ಮೀಡಿಯೆಟ್ ಮಿಡ್, ಇಲಿನಾಯ್‌ನಲ್ಲಿ ಇಂಟರ್‌ಮೀಡಿಯೆಟ್ ಹೈ. ವಾಷಿಂಗ್ಟನ್ ರಾಜ್ಯದ ಕ್ರೆಡಿಟ್ ಪದ್ಧತಿ ನಮ್ಮಂಥ ಭಾಷೆಗಳಿಗೆ ತುಂಬ ಅನುಕೂಲ: ನೋವಿಸ್ ಮಿಡ್‌ಗೆ 1, ನೋವಿಸ್ ಹೈಗೆ 2, ಇಂಟರ್‌ಮೀಡಿಯೆಟ್ ಲೋಗೆ 3, ಇಂಟರ್‌ಮೀಡಿಯೆಟ್ ಮಿಡ್‌ಗೆ 4 ಕ್ರೆಡಿಟ್. ತರಗತಿಯಲ್ಲಿ ಎಷ್ಟು ಗಂಟೆ ಕೂತರು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನಿಮ್ಮ ರಾಜ್ಯದಲ್ಲಿ ಇಂಥದ್ದು ಇದೆಯೇ ಎಂದು ಮೊದಲು ನೋಡಿ.

ಗಂಟೆ ಲೆಕ್ಕದ ದಾರಿ ಕಷ್ಟ. ಒಂದು ವರ್ಷದ ಪಾಠಕ್ಕೆ ಸುಮಾರು 120 ಗಂಟೆ ಎಂಬುದು ಅಮೆರಿಕದ ಹಳೆಯ ಲೆಕ್ಕ. ವಾರಕ್ಕೆ 2 ಗಂಟೆಯಂತೆ 30 ವಾರ ನಡೆಸಿದರೂ 60 ಗಂಟೆಯೇ ಆಯಿತು, ಅಂದರೆ ಒಂದು ವರ್ಷದ ಕ್ರೆಡಿಟ್‌ಗೆ ಎರಡು ವರ್ಷ. ಮೇಲೆ ಸಂಸ್ಥೆಗೆ ಮಾನ್ಯತೆಯೂ ಬೇಕು. ತಮಿಳು, ತೆಲುಗು ಸಮುದಾಯಗಳ ದೊಡ್ಡ ವಾರಾಂತ್ಯ ಶಾಲೆಗಳು ಇದಕ್ಕಾಗಿ ವರ್ಷಗಟ್ಟಲೆ ದುಡಿದಿವೆ. ಹತ್ತು ಹನ್ನೆರಡು ಮಕ್ಕಳ ಕನ್ನಡ ತರಗತಿ ಈ ದಾರಿಗೆ ಇಳಿಯದಿರುವುದೇ ವಾಸಿ, ಪರೀಕ್ಷೆಯ ದಾರಿ ಹಿಡಿಯಲಿ.

ಮೂರನೇ ಹೆಜ್ಜೆ: ತರಗತಿ ಹುಡುಕಿ, ಇಲ್ಲದಿದ್ದರೆ ಕಟ್ಟಿ

ಮೊದಲು ನಿಮ್ಮ ಭಾಗದ ಕನ್ನಡ ಕೂಟವನ್ನು ಕೇಳಿ. ಕಾರಲ್ಲಿ 40 ನಿಮಿಷಕ್ಕಿಂತ ದೂರದ ತರಗತಿ ಹೈಸ್ಕೂಲ್ ಮಕ್ಕಳ ವಿಷಯದಲ್ಲಿ ಚಳಿಗಾಲ ದಾಟುವುದಿಲ್ಲ, ಅಷ್ಟು ದೂರವಾದರೆ ಆನ್‌ಲೈನ್ ತರಗತಿಯೇ ಒಳ್ಳೆಯದು. ಸೇರಿಸುವ ಮೊದಲು ಮೂರು ವಿಷಯ ವಿಚಾರಿಸಿ: ಹದಿಹರೆಯದವರಿಗೆ ಬೇರೆ ಗುಂಪು ಇದೆಯೇ, ಬರಹದ ಕೆಲಸವನ್ನು ಯಾರಾದರೂ ತಿದ್ದಿ ವಾಪಸು ಕೊಡುತ್ತಾರೆಯೇ, ಹಿಂದಿನ ವರ್ಷದ ಮಕ್ಕಳು ಯಾವುದಾದರೂ ಮಟ್ಟದ ಪರೀಕ್ಷೆ ಬರೆದಿದ್ದಾರೆಯೇ. 14 ವರ್ಷದ ಹುಡುಗಿಯನ್ನು ಲಿಪಿ ಬರುವುದಿಲ್ಲವೆಂದು 6 ವರ್ಷದವರ ಜೊತೆ ಕೂರಿಸುವ ಶಾಲೆಗೆ ಕಳಿಸಬೇಡಿ. ಅಲ್ಲಿಂದ ಎದ್ದು ಬಂದವಳು ಮತ್ತೆ ಕನ್ನಡದ ಪುಸ್ತಕ ಮುಟ್ಟುವುದು ಕಷ್ಟ.

ಹೊಸದಾಗಿ ಕಟ್ಟುವುದಾದರೆ 6 ಮಕ್ಕಳಿದ್ದರೆ ಶುರು ಮಾಡಬಹುದು, 12 ದಾಟಿದರೆ ಎರಡು ಗುಂಪು ಮಾಡಿ. ನಾಲ್ವರಿಂದ ಶುರು ಮಾಡಿದರೆ ಇಬ್ಬರು ಗೈರಾದ ದಿನ ಪಾಠವೇ ನಡೆಯುವುದಿಲ್ಲ.

ಜಾಗಕ್ಕೆ ಮೂರು ಆಯ್ಕೆ: ಸಾರ್ವಜನಿಕ ಗ್ರಂಥಾಲಯದ ಕೋಣೆ, ದೇವಸ್ಥಾನದ ಸಭಾಂಗಣ, ಶಾಲೆಯ ತರಗತಿ. ಗ್ರಂಥಾಲಯ ಬಹುಮಟ್ಟಿಗೆ ಉಚಿತ, ಆದರೆ ತಿಂಗಳಿಗೆ ಇಷ್ಟೇ ಸಲ ಎಂಬ ಮಿತಿ ಇರುತ್ತದೆ. ದೇವಸ್ಥಾನದಲ್ಲಿ ಹಬ್ಬದ ವಾರಗಳಲ್ಲಿ ಜಾಗ ಸಿಗದು, ಶಬ್ದವೂ ಹೆಚ್ಚು. ಕ್ಯಾಲಿಫೋರ್ನಿಯಾದಲ್ಲಿ ಸಿವಿಕ್ ಸೆಂಟರ್ ಕಾಯ್ದೆಯಡಿ ಸಮುದಾಯದ ಗುಂಪುಗಳು ಶಾಲಾ ಕಟ್ಟಡವನ್ನು ಕೇಳಿ ಪಡೆಯಬಹುದು. ಲಾಭರಹಿತ ಸಂಸ್ಥೆಯ ಹೆಸರಲ್ಲಿ ಕೇಳಿದರೆ ಬಾಡಿಗೆ ಕಡಿಮೆ, ಆದ್ದರಿಂದ ಸ್ವಂತ ಹೆಸರಿನ ಬದಲು ಕನ್ನಡ ಕೂಟದ ಹೆಸರಲ್ಲಿ ಅರ್ಜಿ ಹಾಕಿ. ಶಾಲೆಗಳು ಹೊಣೆಗಾರಿಕೆ ವಿಮೆಯ ಪ್ರಮಾಣಪತ್ರ ಕೇಳುತ್ತವೆ, ಒಂದು ಘಟನೆಗೆ 10 ಲಕ್ಷ ಡಾಲರ್ ಎಂಬುದು ಸಾಮಾನ್ಯ ಬೇಡಿಕೆ. ಕೂಟಕ್ಕೆ ವಾರ್ಷಿಕ ವಿಮೆ ಇದ್ದರೆ ಅದರಲ್ಲೇ ಡಿಸ್ಟ್ರಿಕ್ಟ್‌ನ ಹೆಸರು ಸೇರಿಸಿಕೊಡಲು ಏಜೆಂಟರನ್ನು ಕೇಳಿ. ಇದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಆಗಸ್ಟ್ ಕೊನೆಗೆ ಕೇಳಿ ಸೆಪ್ಟೆಂಬರ್ ಮೊದಲ ವಾರ ತರಗತಿ ಎಂದರೆ ಆಗುವುದಿಲ್ಲ.

ಮಕ್ಕಳ ಸುರಕ್ಷತೆಯ ಕಾನೂನನ್ನು ‘ನಾವೆಲ್ಲ ಪರಿಚಯದವರೇ’ ಎಂದು ಬದಿಗಿಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಜಾರಿಯಲ್ಲಿರುವ ಎಬಿ 506 ಕಾಯ್ದೆಯ ಪ್ರಕಾರ ಯುವಜನರ ಸಂಸ್ಥೆಗಳಲ್ಲಿ ತಿಂಗಳಿಗೆ 16 ಗಂಟೆ ಅಥವಾ ವರ್ಷಕ್ಕೆ 32 ಗಂಟೆಗಿಂತ ಹೆಚ್ಚು ಮಕ್ಕಳ ನೇರ ಸಂಪರ್ಕದಲ್ಲಿರುವ ವಯಸ್ಕ ಸ್ವಯಂಸೇವಕರು ಬೆರಳಚ್ಚಿನ ಹಿನ್ನೆಲೆ ಪರಿಶೀಲನೆ ಮಾಡಿಸಿಕೊಳ್ಳಬೇಕು, ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವ ತರಬೇತಿಯನ್ನೂ ಪಡೆಯಬೇಕು. ವಾರಕ್ಕೆ ಒಂದೂವರೆ ಗಂಟೆಯಂತೆ 30 ವಾರ ಎಂದರೆ 45 ಗಂಟೆ. ನಿಮ್ಮ ಕನ್ನಡ ಮೇಷ್ಟ್ರು ಮಿತಿ ದಾಟಿಯೇ ಬಿಟ್ಟರು. ಬೇರೆ ರಾಜ್ಯದಲ್ಲಿದ್ದರೂ ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ.

ವೇಳಾಪಟ್ಟಿ: ಹದಿಹರೆಯದವರು ಕಳೆದುಹೋಗುವುದು ಇಲ್ಲೇ

ಶನಿವಾರ ಬೆಳಿಗ್ಗೆ ಬೇಡ. ಸ್ಯಾಟ್ ಪರೀಕ್ಷೆ, ವಾದಸ್ಪರ್ಧೆ, ಈಜು, ಬ್ಯಾಂಡ್ ಎಲ್ಲವೂ ಬಂದು ಬೀಳುವುದು ಅಂದೇ. ಭಾನುವಾರ ಮಧ್ಯಾಹ್ನದ ನಂತರ ಅಥವಾ ಶುಕ್ರವಾರ ಸಂಜೆ ಇಟ್ಟರೆ ಹಾಜರಿ ಉಳಿಯುತ್ತದೆ. ಎಪಿ ಪರೀಕ್ಷೆಗಳು ಮೇ ತಿಂಗಳ ಮೊದಲ ಎರಡು ವಾರ ನಡೆಯುತ್ತವೆ. ಅವಕ್ಕೆ ಮೂರು ವಾರ ಮೊದಲೇ, ಏಪ್ರಿಲ್ ನಡುವೆ ವರ್ಷದ ಪಾಠ ಮುಗಿಸಿಬಿಡಿ. ಸೆಪ್ಟೆಂಬರ್ ಮೊದಲ ವಾರ ಶುರು ಮಾಡಿ ಏಪ್ರಿಲ್ 15ಕ್ಕೆ ನಿಲ್ಲಿಸಿದರೆ ರಜೆಗಳನ್ನು ಕಳೆದು 28 ವಾರ ಸಿಗುತ್ತವೆ.

ಒಂದು ಪಾಠ 90 ನಿಮಿಷ. ಮೊದಲ 15 ನಿಮಿಷ ಬರೀ ಮಾತು, ಪುಸ್ತಕ ಮುಚ್ಚಿರಲಿ. ನಂತರ 30 ನಿಮಿಷ ಓದು, 30 ನಿಮಿಷ ಬರಹ, ಕೊನೆಯ 15 ನಿಮಿಷ ಟೈಪಿಂಗ್. ವಾರದ ನಡುವೆ 20 ನಿಮಿಷದ ಒಂದು ವಿಡಿಯೊ ಕರೆಯನ್ನು ಇಬ್ಬಿಬ್ಬರು ಮಕ್ಕಳಿಗೆ ಸೇರಿಸಿ ಇಟ್ಟರೆ ಮಾತು ಬೇಗ ಕುದುರುತ್ತದೆ. ಎರಡು ಗಂಟೆಯ ಒಂದೇ ಪಾಠಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ.

ನಾಲ್ಕನೇ ಹೆಜ್ಜೆ: ಮಗುವಿಗೆ ಏನು ಬರುತ್ತದೆ ಎಂದು ತಿಳಿಯಿರಿ

ಮನೆಯಲ್ಲಿ ಕನ್ನಡ ಕೇಳಿ ಬೆಳೆದ ಮಗು ಹೊಸದಾಗಿ ಕಲಿಯುವವರಂತಲ್ಲ. ಕೇಳಿದ್ದು ಅರ್ಥವಾಗುತ್ತದೆ, ಅಡುಗೆಮನೆಯ ಮಾತು ಬರುತ್ತದೆ, ಉಚ್ಚಾರಣೆ ಚೆನ್ನಾಗಿರುತ್ತದೆ, ಅಕ್ಷರ ಮಾತ್ರ ಸೊನ್ನೆ. ಇನ್ನೊಂದು ಮಗುವಿಗೆ ಅಕ್ಷರ ಬರುತ್ತದೆ, ಓದಿದ್ದು ಅರ್ಥವಾಗದು. ಈ ಇಬ್ಬರನ್ನೂ ‘ಎರಡನೇ ವರ್ಷ’ ಎಂದು ಒಂದೇ ಬೆಂಚಿನಲ್ಲಿ ಕೂರಿಸಿದರೆ ಇಬ್ಬರಿಗೂ ಬೇಸರ.

ಪ್ರತಿ ಮಗುವಿಗೆ 15 ನಿಮಿಷ ಕೊಡಿ. ನಿನ್ನೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಏನು ಮಾಡಿದೆ ಎಂದು ಕೇಳಿ ತಡೆಯದೆ ಹೇಳಲು ಬಿಡಿ. ಒಂದು ಚಿತ್ರ ಕೊಟ್ಟು ವರ್ಣಿಸಲು ಹೇಳಿ. ನೀವು ಅಂಗಡಿಯವರಾಗಿ ತರಕಾರಿ ಕೊಳ್ಳುವ ಮಾತುಕತೆ ನಡೆಸಿ. ಕೊನೆಗೆ ಐದು ಸಾಲು ಓದಿಸಿ, ಎರಡು ಸಾಲು ಬರೆಸಿ. ಭೂತಕಾಲದ ಕ್ರಿಯಾಪದಗಳಿಗೆ ಕಿವಿಗೊಡಿ. ಬಂದೆ, ತಿಂದೆ, ಕೊಟ್ಟೆ, ಬಿದ್ದೆ, ಎದ್ದೆ ಇವು ನಿಯಮಕ್ಕೆ ಸಿಗದ ರೂಪಗಳು. ಸರಿಯಾಗಿ ಬಂದರೆ ಮಗು ಕನ್ನಡವನ್ನು ಕಿವಿಯಿಂದ ಕಲಿತಿದೆ, ಲಿಪಿ ಕಲಿಸಿದರೆ ಒಂದೇ ವರ್ಷದಲ್ಲಿ ಮೇಲೇರುತ್ತದೆ. ‘ಬರಿದೆ’, ‘ಕೊಡಿದೆ’ ಎಂದು ತಾನೇ ಕಟ್ಟಿಕೊಂಡರೆ ಮೊದಲು ಮಾತಿನ ಕೆಲಸ ಆಗಬೇಕು.

ಒಂದು ಎಚ್ಚರಿಕೆ. ಮನೆಯ ಉಪಭಾಷೆಯನ್ನು ತಪ್ಪೆಂದು ಗುರುತು ಹಾಕಬೇಡಿ. ‘ಹೋಗ್ತೀನಿ’ ಎನ್ನುವ ಮಗುವೂ ‘ಹೋಗ್ತೇನೆ’ ಎನ್ನುವ ಮಗುವೂ ಸರಿಯೇ. ‘ಅಕ್ಕ ಬಂತು’ ಎಂದದ್ದು ಮೈಸೂರಿನ ಮನೆಯ ಮಗುವಾದರೆ ತಿದ್ದಬೇಕು. ಹವ್ಯಕರ ಮನೆಯ ಮಗುವಾದರೆ ಅದು ಅಮ್ಮನಿಂದ ಬಂದ ಶುದ್ಧ ರೂಪ, ಅಲ್ಲಿ ಹೆಂಗಸರಿಗೆ ನಪುಂಸಕ ಲಿಂಗದ ಕ್ರಿಯಾಪದವೇ ಬಳಕೆ. ‘ಮನೆಯಲ್ಲಿ ಹಾಗೆ, ಬರಹದಲ್ಲಿ ಹೀಗೆ’ ಎಂದು ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ. ತನ್ನ ಅಮ್ಮನ ಮಾತು ತಪ್ಪು ಎಂದು ಕೇಳಿಸಿಕೊಂಡ ಮಗು ಆ ಕೋಣೆಯಲ್ಲಿ ಬಾಯಿ ತೆರೆಯುವುದಿಲ್ಲ.

ಐದನೇ ಹೆಜ್ಜೆ: ಹನ್ನೆರಡು ವಾರದಲ್ಲಿ ಲಿಪಿ

ಹದಿಹರೆಯದವರಿಗೆ ವರ್ಣಮಾಲೆಯ ಕ್ರಮದಲ್ಲಿ 49 ಅಕ್ಷರ ಕಲಿಸಲು ಹೊರಟರೆ ಮೂರನೇ ವಾರಕ್ಕೂ ಒಂದು ಪದ ಓದಲು ಬರುವುದಿಲ್ಲ. ಕರ್ನಾಟಕದ ನಲಿ-ಕಲಿ ತರಗತಿಗಳಲ್ಲಿರುವಂತೆ ಆಕಾರ ಹೋಲುವ ಅಕ್ಷರಗಳನ್ನು ಗುಂಪಾಗಿ ಕೊಡಿ. ಮೊದಲ ವಾರ ರ, ಗ, ಸ, ದ, ಅ. ಅಂದೇ ಸರ, ರಸ, ದರ, ಅರಸ, ಅಗಸ ಓದಬಹುದು. ಎರಡನೇ ವಾರ ಜ, ವ, ಮ, ಬ, ನ. ಈಗ ಜನ, ಮರ, ನಗರ, ಬಸವ, ಅವಸರ, ಗಮನ ಎಲ್ಲ ಕೈಗೆ ಬಂದವು. ಮೊದಲ ದಿನವೇ ಪದ ಓದಿದ ಮಗು ಎರಡನೇ ವಾರ ಬರುತ್ತದೆ.

3ರಿಂದ 5ನೇ ವಾರ ಉಳಿದ ಅಕ್ಷರಗಳು. ಮಹಾಪ್ರಾಣಗಳನ್ನು ಗುರುತು ಹಿಡಿಯುವಷ್ಟು ಕಲಿಸಿದರೆ ಈಗ ಸಾಕು. 6ರಿಂದ 8 ಕಾಗುಣಿತ. ಇಲ್ಲಿ ತಪ್ಪು ಬೀಳುವುದು ಕೆ-ಕೇ, ಕೊ-ಕೋ ಜೋಡಿಗಳಲ್ಲಿ, ಕೊಂಬು ಬೇರೆ ರೀತಿ ಅಂಟುವ ಪು, ವು ಅಕ್ಷರಗಳಲ್ಲಿ, ಮೊ ಮತ್ತು ಯೊಗಳಲ್ಲಿ. 9ರಿಂದ 11 ಒತ್ತಕ್ಷರ. ಹೆಚ್ಚಿನ ಒತ್ತುಗಳು ಮೂಲ ಅಕ್ಷರವನ್ನೇ ತಲೆಕಟ್ಟಿಲ್ಲದೆ ಕೆಳಗೆ ಬರೆದಂತಿರುತ್ತವೆ, ವಿವರಿಸಬೇಕಾಗಿಯೇ ಇಲ್ಲ. ತ, ನ, ಮ, ಯ, ರ, ಲ ಈ ಆರರದ್ದು ಮಾತ್ರ ಬೇರೆ ರೂಪ. ಅವನ್ನು ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ ಎಂಬ ಆರು ಪದಗಳಲ್ಲಿ ಕಟ್ಟಿ ಗೋಡೆಗೆ ಅಂಟಿಸಿ. 12ನೇ ವಾರ ಅರ್ಕಾವೊತ್ತು. ಬರೆಯುವಾಗ ನಂತರ, ಓದುವಾಗ ಮೊದಲು ಎಂಬುದು ಮಕ್ಕಳಿಗೆ ವಿಚಿತ್ರ, ಸೂರ್ಯ, ವರ್ಷ, ಕರ್ನಾಟಕ ಸಾಕಷ್ಟು ಸಲ ಬರೆಯಲಿ.

ಒತ್ತಕ್ಷರಕ್ಕೆ ಮೂರು ವಾರ ಏಕೆಂದರೆ ಅದರ ಮೇಲೆ ಕಾಲವೇ ನಿಂತಿದೆ. ‘ನಾನು ಊರಿಗೆ ಹೋಗಿದ್ದೆ’ ಎಂಬುದರಲ್ಲಿ ಒಂದು ಒತ್ತು ಬಿಟ್ಟರೆ ‘ಹೋಗಿದೆ’ ಆಗುತ್ತದೆ, ಹೋದದ್ದು ನಾನಲ್ಲ, ಬಸ್ಸು. ಇದೆ-ಇದ್ದೆ, ಮಾಡಿದೆ-ಮಾಡಿದ್ದೆ ಇವೂ ಹಾಗೆಯೇ. ಇಂಗ್ಲಿಷ್ ಕಿವಿಗೆ ಒಂಟಿ ಮತ್ತು ಜೋಡಿ ವ್ಯಂಜನದ ವ್ಯತ್ಯಾಸ ಕೇಳಿಸುವುದಿಲ್ಲ. ಅದೇ ರೀತಿ ಬಲೆ-ಬಳೆ, ಕಾಲು-ಕಾಳು, ಮನೆ-ಮಣೆ. ವಾರಕ್ಕೆ ಐದು ನಿಮಿಷ ಇಂಥ ಜೋಡಿಗಳ ಉಕ್ತಲೇಖನ ಮಾಡಿಸಿದರೆ ವರ್ಷದ ಕೊನೆಗೆ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಇಳಿಯುತ್ತವೆ.

ಓದಲು ಏನು ಕೊಡಬೇಕು? ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದನೇ ತರಗತಿಯ ಗಿಳಿ-ಮೊಲದ ಪಾಠ 15 ವರ್ಷದವರಿಗೆ ಅವಮಾನ, ಎಂಟನೇ ತರಗತಿಯ ಹಳಗನ್ನಡ ಅವರಿಗೆ ಬೆಟ್ಟ. ಆಯ್ದುಕೊಂಡೇ ಬಳಸಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಟ್ಟದ ಪ್ರಕಾರ ವಿಂಗಡಿಸಿದ ಕನ್ನಡ ಕಥೆಗಳಿವೆ, ಮೇಲಿನ ಮಟ್ಟದವನ್ನು ನೋಡಿ. ಇದಲ್ಲದೆ ಕ್ರಿಕೆಟ್ ಪಂದ್ಯದ ಸುದ್ದಿ, ಬಿಸಿಬೇಳೆಬಾತ್ ಮಾಡುವ ವಿಧಾನ, ಮದುವೆಯ ಕರೆಯೋಲೆ, ಬಸ್ಸಿನ ಬೋರ್ಡಿನ ಫೋಟೊ ಎಲ್ಲವೂ ಪಠ್ಯವೇ. ಕರೆಯೋಲೆ ಒಂದರಲ್ಲೇ ಎಷ್ಟು ಸಂಬಂಧವಾಚಕಗಳು, ಎಷ್ಟು ವಿಭಕ್ತಿಗಳು!

ಆರನೇ ಹೆಜ್ಜೆ: ಆಡುಮಾತಿನಿಂದ ಬರಹಕ್ಕೆ

‘ನಾನ್ ಬರ್ತೀನಿ, ಅವ್ನು ಬರಲ್ಲ’ ಎಂದು ಹೇಳುವ ಮಗು ಹಾಗೆಯೇ ಬರೆಯುತ್ತದೆ. ಮೊದಲ ಆರು ತಿಂಗಳು ಹಾಗೆಯೇ ಬರೆಯಲಿ. ಆಮೇಲೆ ಪುಟವನ್ನು ಎರಡು ಕಂಬ ಮಾಡಿ: ಎಡಕ್ಕೆ ‘ಬರ್ತೀನಿ’, ಬಲಕ್ಕೆ ‘ಬರುತ್ತೇನೆ’, ಎಡಕ್ಕೆ ‘ಬರಲ್ಲ’, ಬಲಕ್ಕೆ ‘ಬರುವುದಿಲ್ಲ’. ಇಂಥ ಸುಮಾರು 40 ಜೋಡಿ ಕೈಗೆ ಬಂದರೆ ಬರಹದ ಭಾಷೆ ತಾನಾಗಿ ಕೂರುತ್ತದೆ.

ಮಟ್ಟ ಏರಿಸುವುದು ದೊಡ್ಡ ಪದಗಳಲ್ಲ, ವಾಕ್ಯಗಳನ್ನು ಹೊಲಿಯುವ ದಾರ. ‘ಎದ್ದೆ. ತಿಂಡಿ ತಿಂದೆ. ಶಾಲೆಗೆ ಹೋದೆ’ ಎಂಬುದನ್ನು ‘ಎದ್ದು, ತಿಂಡಿ ತಿಂದು, ಶಾಲೆಗೆ ಹೋದೆ’ ಎಂದಾಗಲೇ ಮೌಲ್ಯಮಾಪಕರಿಗೆ ವ್ಯತ್ಯಾಸ ಕಾಣುತ್ತದೆ. ಜೊತೆಗೆ ಮೊದಲು, ಆಮೇಲೆ, ಅಷ್ಟರಲ್ಲಿ, ಆದ್ದರಿಂದ, ಆದರೂ, ಯಾಕೆಂದರೆ. ಪ್ರತಿ ವಾರದ ಬರಹದಲ್ಲಿ ಇವುಗಳಲ್ಲಿ ಮೂರಾದರೂ ಇರಬೇಕೆಂದು ನಿಯಮ ಮಾಡಿ. ವಿಷಯ ಯಾವಾಗಲೂ ಮಗುವಿನ ಬದುಕಿನದೇ ಆಗಿರಲಿ. ಅಜ್ಜ ಅಜ್ಜಿಯರನ್ನು ಫೋನಿನಲ್ಲಿ ಸಂದರ್ಶಿಸಿ ಒಂದು ಪುಟ ಬರೆಯುವ ಕೆಲಸ ವರ್ಷಕ್ಕೆ ಎರಡು ಸಲ ಕೊಡಿ, ಭೂತಕಾಲ, ಬಹುವಚನದ ಗೌರವ, ನೀನು-ನೀವು ಎಲ್ಲ ಅಲ್ಲೇ ಬರುತ್ತವೆ.

ಮನೆಯಲ್ಲಿ ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಗದರಬೇಡಿ, ಅದು ಹೇಳಿದ್ದನ್ನೇ ಕನ್ನಡದಲ್ಲಿ ಒಮ್ಮೆ ಹೇಳಿ ಮಾತು ಮುಂದುವರಿಸಿ.

ಏಳನೇ ಹೆಜ್ಜೆ: ಟೈಪಿಂಗ್

ಚೆನ್ನಾಗಿ ಕನ್ನಡ ಬರುವ ಮಕ್ಕಳೂ ಬರಹದಲ್ಲಿ ಒಂದು ಮೆಟ್ಟಿಲು ಕೆಳಗೆ ಬೀಳುವುದು ಇಲ್ಲೇ. ಪರೀಕ್ಷೆಯಲ್ಲಿ ಉತ್ತರವನ್ನು ಟೈಪ್ ಮಾಡಬೇಕು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಸೂಚನೆ ಆರಿಸಿಕೊಂಡು ಅಭ್ಯಾಸವಾದವರಿಗೆ ಪರೀಕ್ಷೆಯ ಕಂಪ್ಯೂಟರಿನಲ್ಲಿ ಆ ಸೂಚನೆಗಳು ಸಿಗದಿರಬಹುದು.

ಆದ್ದರಿಂದ ಒಂದು ನಿಜವಾದ ಕೀಲಿಮಣೆ ವಿನ್ಯಾಸ ಕಲಿಸಿ. ವಿಂಡೋಸ್‌ನಲ್ಲಿ ಕನ್ನಡ ಸೇರಿಸಿದರೆ ಬರುವುದು ಇನ್‌ಸ್ಕ್ರಿಪ್ಟ್. ಅದರಲ್ಲಿ ಕೆ ಗುಂಡಿ ಕ, ಜೆ ಗುಂಡಿ ರ, ಸಿ ಗುಂಡಿ ಮ, ಡಿ ಗುಂಡಿ ಒತ್ತಕ್ಷರ ಜೋಡಿಸುವ ಕೊಂಡಿ. ಕರ್ಮ ಎಂದು ಬರೆಯಲು ಕೆ, ಜೆ, ಡಿ, ಸಿ. ಕರ್ನಾಟಕದಲ್ಲಿ ಬಳಕೆಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಇದೇ ಪದಕ್ಕೆ ಕೆ, ಆರ್, ಎಫ್, ಎಂ. ಇಂಗ್ಲಿಷ್ ಧ್ವನಿಗೆ ಹತ್ತಿರವಿರುವುದರಿಂದ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಯಾವುದನ್ನು ಕಲಿಸಬೇಕೆಂಬುದನ್ನು ಪರೀಕ್ಷೆ ಬರೆಯುವ ಯಂತ್ರ ತೀರ್ಮಾನಿಸುತ್ತದೆ. ಶಾಲೆಯ ಕ್ರೋಮ್‌ಬುಕ್ ಆದರೆ ಕೀಲಿಮಣೆ ಸೇರಿಸುವ ಅನುಮತಿ ಮಗುವಿನ ಕೈಯಲ್ಲಿರುವುದಿಲ್ಲ, ಡಿಸ್ಟ್ರಿಕ್ಟ್‌ನ ಐಟಿ ವಿಭಾಗ ತೆರೆದುಕೊಡಬೇಕು. ಪರೀಕ್ಷೆಗೆ ಒಂದು ತಿಂಗಳ ಮೊದಲೇ ಕೌನ್ಸೆಲರ್ ಮೂಲಕ ಕೇಳಿ.

ಗುರಿ: ನೋಡದೆ 20 ನಿಮಿಷಕ್ಕೆ 100 ಪದ. ದಿನಕ್ಕೆ 10 ನಿಮಿಷದಂತೆ ಎರಡು ತಿಂಗಳು ಕೂತರೆ ಆಗುತ್ತದೆ. ತರಗತಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲೇ ಬರೆಯಬೇಕೆಂದು ಮಕ್ಕಳೇ ನಿಯಮ ಮಾಡಿಕೊಂಡರೆ ಇನ್ನೂ ಬೇಗ.

ಎಂಟನೇ ಹೆಜ್ಜೆ: ಪರೀಕ್ಷೆ

ಹನ್ನೊಂದನೇ ತರಗತಿಯ ಶರತ್ಕಾಲ ಒಳ್ಳೆಯ ಸಮಯ. ಮಟ್ಟ ತಪ್ಪಿದರೆ ಇನ್ನೊಂದು ಸಲ ಬರೆಯಲು ಒಂದು ವರ್ಷ ಉಳಿದಿರುತ್ತದೆ. ಹನ್ನೆರಡನೇ ತರಗತಿಯ ಫೆಬ್ರವರಿಗೆ ಬಿಟ್ಟರೆ ಕಾಲೇಜು ಅರ್ಜಿಗೂ ತಡ, ಡಿಸ್ಟ್ರಿಕ್ಟ್‌ನ ಕೊನೆಯ ದಿನಕ್ಕೂ ಅಪಾಯ.

ಮಾತಿನ ಭಾಗದಲ್ಲಿ ಎದುರಿಗೆ ಮನುಷ್ಯರಿಲ್ಲ, ಮೈಕ್ ಮಾತ್ರ. ಹದಿಹರೆಯದವರು ಎರಡು ವಾಕ್ಯ ಹೇಳಿ ನಿಲ್ಲಿಸಿಬಿಡುತ್ತಾರೆ, ಮನೆಯಲ್ಲಿ ಅಷ್ಟು ಸಾಕಾಗುತ್ತದೆ. ಇಲ್ಲಿ ಅದು ನೋವಿಸ್ ಎಂದು ಅಳೆಯಲ್ಪಡುತ್ತದೆ. ಒಂದು ಪ್ರಶ್ನೆಗೆ ನಿಲ್ಲದೆ ಎರಡು ನಿಮಿಷ ಮಾತಾಡುವುದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಸುವ ಅಭ್ಯಾಸ ಆರು ವಾರ ನಡೆಯಲಿ. ಏನಾಯಿತು, ಯಾಕೆ, ನಿನಗೆ ಹೇಗನಿಸಿತು, ಮುಂದೇನು: ಈ ನಾಲ್ಕನ್ನು ಬೆರಳ ಮೇಲೆ ಎಣಿಸಿಕೊಂಡರೆ ಎರಡು ನಿಮಿಷ ತುಂಬುತ್ತದೆ. ಕಾರು, ಸ್ಕೂಲು, ಫೋನು ಎನ್ನಲು ಹಿಂಜರಿಯಬೇಕಿಲ್ಲ, ಅವು ಕನ್ನಡವೇ ಆಗಿವೆ. ಇಡೀ ವಾಕ್ಯ ಇಂಗ್ಲಿಷಿಗೆ ಜಾರಿದರೆ ಮಾತ್ರ ನಷ್ಟ.

ಫಲಿತಾಂಶ ಬಂದ ದಿನವೇ ಪ್ರತಿಯನ್ನು ಕೌನ್ಸೆಲರ್‌ಗೆ ಕಳಿಸಿ, ಮೂರು ವಾರದ ನಂತರ ಅಂಕಪಟ್ಟಿ ತರಿಸಿ ನಮೂದಾಗಿದೆಯೇ ನೋಡಿ. ಇಂಗ್ಲಿಷಿನ ಅರ್ಹತೆಯೂ ಮುದ್ರೆಗೆ ಬೇಕು. ಕನ್ನಡ ಪಾಸಾದ ಸಂತೋಷದಲ್ಲಿ ಆ ಫಾರಂ ಮರೆತು ಮುದ್ರೆ ತಪ್ಪುವುದುಂಟು.

ಅಮೆರಿಕದ ಹೊರಗೆ ಇರುವವರಿಗೆ

ಒಂಟಾರಿಯೊದಲ್ಲಿ ಹೈಸ್ಕೂಲ್ ಕ್ರೆಡಿಟ್ ಒಂದಕ್ಕೆ 110 ಗಂಟೆ, ಶಾಲಾ ಮಂಡಳಿಗಳೇ ವಾರಾಂತ್ಯದ ಭಾಷಾ ತರಗತಿ ನಡೆಸುತ್ತವೆ. ಕನ್ನಡದ ಪೋಷಕರು ಒಟ್ಟಾಗಿ ಹೆಸರು ಕೊಟ್ಟು ಕೇಳಬೇಕು. ಸಿಂಗಪುರದಲ್ಲಿ ತಮಿಳಲ್ಲದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೆ ಮನ್ನಣೆ ಇದೆ, ಕನ್ನಡಕ್ಕಿಲ್ಲ. ಅಲ್ಲಿ ಕನ್ನಡ ಕಲಿಕೆಗಾಗಿಯೇ ಕಲಿಯಬೇಕು. ಯಾವ ದೇಶದಲ್ಲೇ ಆಗಲಿ, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್) ಡಿಪ್ಲೊಮಾ ಓದುವವರಿಗೆ ಇನ್ನೊಂದು ಬಾಗಿಲಿದೆ: ಶಾಲೆಯ ಬೆಂಬಲದ ಸ್ವಯಂ ಅಧ್ಯಯನವಾಗಿ ತಾಯ್ನುಡಿಯ ಸಾಹಿತ್ಯವನ್ನು ಸ್ಟಾಂಡರ್ಡ್ ಲೆವೆಲ್‌ನಲ್ಲಿ ಓದಬಹುದು. ಇಂಗ್ಲಿಷನ್ನೂ ಸಾಹಿತ್ಯದ ಮಟ್ಟದಲ್ಲಿ ಓದಿ ಎರಡರಲ್ಲೂ ನಿಗದಿತ ದರ್ಜೆ ಬಂದರೆ ದ್ವಿಭಾಷಾ ಡಿಪ್ಲೊಮಾ ಸಿಗುತ್ತದೆ. ಇದು ಇಡೀ ಕಾದಂಬರಿ ಓದಬಲ್ಲವರಿಗೆ ಮಾತ್ರ. ಶಾಲೆಯ ಸಂಯೋಜಕರಿಗೆ ಡಿಪ್ಲೊಮಾ ಶುರುವಾಗುವ ಮೊದಲೇ ತಿಳಿಸಬೇಕು.

ಕರ್ನಾಟಕದ ಹೊರಗೆ ಭಾರತದಲ್ಲೇ ಇರುವ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿಯಲ್ಲಿ ಕನ್ನಡ ಒಂದು ವಿಷಯವಾಗಿ ಸಿಗುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನು ಎಲ್ಲಿದ್ದವರೂ ಗುರಿಯಾಗಿಟ್ಟುಕೊಳ್ಳಬಹುದು. ಅಮೆರಿಕದ ಶಾಲೆ ಇವಕ್ಕೆ ಕ್ರೆಡಿಟ್ ಕೊಡುತ್ತದೆಂದು ಮಾತ್ರ ನಂಬಿ ಕೂರಬೇಡಿ.

ಪರೀಕ್ಷೆ ಮುಗಿಸಿದ ಹನ್ನೆರಡನೇ ತರಗತಿಯವರನ್ನು ಕಳಿಸಿಬಿಡಬೇಡಿ. ಹಲವು ಹೈಸ್ಕೂಲುಗಳು ಸಮಾಜಸೇವೆಯ ಗಂಟೆ ಕೇಳುತ್ತವೆ. ಲಿಪಿಯ ಗುಂಪಿಗೆ ಅವರನ್ನೇ ಸಹಾಯಕ ಶಿಕ್ಷಕರನ್ನಾಗಿ ಮಾಡಿ, ಪ್ರತಿ ವಾರದ ಗಂಟೆಗಳನ್ನು ದಿನಾಂಕದ ಸಮೇತ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಕೊಡಿ. ಎಂಟನೇ ತರಗತಿಯ ಹುಡುಗನಿಗೆ ಅರ್ಕಾವೊತ್ತು ಹೇಳಿಕೊಡಲು ಮೂರು ವರ್ಷದ ಹಿಂದೆ ಅದರಲ್ಲೇ ಎಡವಿದ್ದ ಅಕ್ಕನಿಗಿಂತ ಒಳ್ಳೆಯ ಟೀಚರ್ ಸಿಗುವುದಿಲ್ಲ.